ಗೋಡೆಯಿಲ್ಲದ ಹನಿ, ನನ್ನ ಲ್ಯಾಬು

ನಮ್ಮ ಮದ್ದೂರು ಸೀಮೆಯಲ್ಲಿ ಎರಡು ದ್ರವ ಬೇರೆಬೇರೆಯಾಗಿ ನಿಂತಿದ್ದರೆ ಅದನ್ನು ನೋಡಿಕೊಂಡು ಸುಮ್ಮನಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಯಾರಾದರೊಬ್ಬರು ಬಂದು ಕೈಯಾಡಿಸಿಯೇ ತೀರುತ್ತಾರೆ. ನಾನು ಇಲ್ಲಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಡಂ. ನನ್ನ ಹೊಟ್ಟೆಯುರಿ ಸ್ವಲ್ಪ ಕೇಳಿ.

ಈ ವರ್ಷ ಪ್ರಿನ್ಸಿಪಾಲರು ಕರೆದು, "ಮೇಡಂ, ನಿಮ್ಮ ಲ್ಯಾಬು ಸುಮ್ನೆ ಜಾಗ ತಿಂತಾ ಅದೆ. ಕಾಮರ್ಸಿನೋರು ರೂಮಿಲ್ಲ ಅಂತ ದಿನಾ ಬಂದು ನನ್ನೆದುರು ಕುಂತ್ಕತಾರೆ. ವಿಜ್ಞಾನ ಪ್ರದರ್ಶನದಲ್ಲಿ ಬಂದ ಅತಿಥಿಗೆ ಅರ್ಥ ಆಗೋ ಅಂಥದ್ದು ಏನಾದ್ರೂ ತೋರ್ಸಿ. ಇಲ್ಲಾಂದ್ರೆ ರೂಮು ಅವರಿಗೆ" ಅಂದರು. ಮೈಯೆಲ್ಲ ಉರಿದುಹೋಯಿತು. ಜೀವಕೋಶದೊಳಗೆ ದ್ರವಗಳು ಯಾಕೆ ಬೇರೆಯಾಗುತ್ತವೆ ಅನ್ನುವುದನ್ನೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

೧. ಎರಡು ಒಲೆ

ಮೊದಲು ಕ್ಲಾಸಿನಲ್ಲಿ ಹೇಳಿ ನೋಡಿದೆ. "ಜೀವಕೋಶದೊಳಗೆ ಬರೀ ನೀರಿಲ್ಲ, ಪ್ರೋಟೀನುಗಳು ಗಿಜಿಗುಡ್ತಾ ಇರ್ತವೆ. ಕೆಲವಕ್ಕೆ ಮೈಮೇಲೆ ಅಲ್ಲಲ್ಲಿ ಅಂಟು. ಕಡಿಮೆ ಇದ್ದಾಗ ಎಲ್ಲರ ಜೊತೆ ಬೆರೆತು ಓಡಾಡ್ತವೆ. ಜಾಸ್ತಿಯಾದಾಗ, ಬೇರೆಯವರ ಸಹವಾಸಕ್ಕಿಂತ ನಮ್ಮವರೇ ವಾಸಿ ಅಂತ ಒಂದಕ್ಕೊಂದು ಅಂಟಿಕೊಂಡು ಹನಿಯಾಗ್ತವೆ. ಸುತ್ತ ಪೊರೆ ಇಲ್ಲ, ಆದರೂ ಒಳಗಿನದು ಬೇರೆ, ಹೊರಗಿನದು ಬೇರೆ. ಬೇಕಾದ್ದೆಲ್ಲ ಒಂದೇ ಕಡೆ ಸಿಗೋದ್ರಿಂದ ಕೆಲಸ ಬೇಗ ಆಗುತ್ತೆ."

ಮಳವಳ್ಳಿ ಕಡೆಯ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದ. "ಗೊತ್ತಾಯ್ತು ಮೇಡಂ. ನಮ್ಮಪ್ಪ, ಚಿಕ್ಕಪ್ಪ ಬ್ಯಾರೆ ಆದಾಗ ಒಂದೇ ಪಡಸಾಲೇಲಿ ಎರಡು ಒಲೆ ಹಾಕ್ಕಂಡ್ರು. ಮಧ್ಯ ಗೋಡೆ ಇರ್ನಿಲ್ಲ. ಆದ್ರೂ ಈ ಕಡೆ ನಾವು, ಆ ಕಡೆ ಅವ್ರು."

ನನಗೆ ಅವನ ಬೆನ್ನು ತಟ್ಟಬೇಕು ಅನ್ನಿಸಿತು. "ಅದೇ ಕಣೋ. ಅಷ್ಟೇ ವಿಷಯ" ಅಂದೆ.

"ಆಮೇಕೆ ಮಾರ್ನಮಿ ಅಬ್ಬದಲ್ಲಿ ನಮ್ಮ ಒಲೆ ಮೇಲಿನ ಎಸರಿನ ಬಾಡು ಚಿಕ್ಕವ್ವನ ಪಾತ್ರೇಲಿ ಸಿಕ್ತು. ಮಾರ್ನೇ ದಿನವೇ ಗೋಡೆ ಕಟ್ಟುದ್ರು ಮೇಡಂ."

೨. ಅತ್ತೆಯ ಕೈರುಚಿ

ಪ್ರದರ್ಶನಕ್ಕೆಂದು ಮನೆಯಲ್ಲೇ ತಯಾರಿ ನಡೆಸಿದೆ. ಗಾಜಿನ ಬಟ್ಟಲಿನಲ್ಲಿ ನೀರು, ಅದರ ಮೇಲೆ ಅರಿಶಿನ ಹಾಕಿ ಬಿಸಿಮಾಡಿ ಸೋಸಿದ ಎಣ್ಣೆ. ಜೀವಕೋಶದ ಹನಿಯೇ ಅದಲ್ಲ, ಆದರೆ ನೋಡಿದವರಿಗೆ ಅಂದಾಜು ಸಿಗುತ್ತದೆ. ಎಷ್ಟು ಹೊತ್ತಿಗೆ ಹನಿಹನಿ ಸೇರಿ ಒಂದಾಗುತ್ತದೆ ನೋಡೋಣ ಎಂದು ಅಡುಗೆಮನೆ ಕಟ್ಟೆ ಮೇಲಿಟ್ಟು ಸ್ನಾನಕ್ಕೆ ಹೋದೆ. ಅಷ್ಟೇ ನಾನು ಮಾಡಿದ ತಪ್ಪು. ಬಂದು ನೋಡಿದರೆ ಸಾಸಿವೆ, ಕರಿಬೇವು ತೇಲುತ್ತಿವೆ.

"ಅತ್ತೆ, ಇದು ಕಾಲೇಜಿಂದು" ಎಂದು ರೇಗಿದೆ.

ಅವರು ಸೌಟು ಕೆಳಗಿಡಲೂ ಇಲ್ಲ. "ನಾನೂ ಅದೇ ಅಂದ್ಕಂಡೆ ಕಣವ್ವ. ನಮ್ಮನೇಲಿ ಯಾರೂ ಇಂಗೆ ಉಪ್ಪಿಲ್ದೆ ಸಾರು ಮಾಡಕಿಲ್ಲ."

೩. ಬಸ್ಸಿನ ವೈದ್ಯರು

ಪ್ರದರ್ಶನದ ದಿನ ಹೊಸದಾಗಿ ಮಾಡಿಕೊಂಡು ಸೀಸೆಯಲ್ಲಿ ತುಂಬಿ ನಮ್ಮೂರು ಹನಕೆರೆಯಲ್ಲಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಯಾತರ ಔಸ್ದಿ ಕಣಮ್ಮ?" ಅಂದರು.

"ಔಷಧಿ ಅಲ್ಲ, ಜೀವಕೋಶ ತೋರ್ಸೋಕೆ."

"ಪಾಪ. ಯಾವಾಗ್ಲಿಂದ ಅದೆ?"

ಅಷ್ಟು ಕೇಳಿದವರೇ ಅವರು ಸೀಸೆ ಕಿತ್ತುಕೊಂಡು ಗಡಗಡ ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟರು. "ಮದ್ದು ಮ್ಯಾಲೇ ನಿಂತಿತ್ತು. ಇಂಗೆ ಕುಡುದ್ರೆ ವಾಸಿ ಎಲ್ಲಾಯ್ತದೆ? ಊಟ ಆದ್ಮೇಲೆ ತಕ್ಕೊ."

೪. ಅತಿಥಿ ಸತ್ಕಾರ

ಅಂತೂ ಲ್ಯಾಬಿನ ಮೇಜಿನ ಮೇಲೆ ಬಟ್ಟಲು ಕೂತಿತು. ಮೇಲೆ ಹಳದಿ, ಕೆಳಗೆ ತಿಳಿನೀರು. ಅತಿಥಿಯಾಗಿ ಬಂದವರು ಮಂಡ್ಯದ ನಿವೃತ್ತ ಅಧಿಕಾರಿ. ಅವರು ಹತ್ತಿರ ಬರುತ್ತಿದ್ದಂತೆ ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ನೀರು ಬಿಟ್ಟ ಮಜ್ಜಿಗೆಯನ್ನು ಬಂದವರಿಗೆ ಹಾಗೇ ಕೊಡುವುದು ಅವಮರ್ಯಾದೆ, ಚಮಚ ಆಡಿಸಿಯೇ ಕೊಡಬೇಕು. ಆ ಅಭ್ಯಾಸ ಎಲ್ಲಿ ಹೋಗುತ್ತದೆ? "ಕದಡೋದೇ ಮರ್ತಿದ್ದೀರಲ್ಲ ಮೇಡಂ" ಎಂದು ಚಮಚ ಎತ್ತಿ ಬರಬರನೆ ತಿರುವಿಬಿಟ್ಟರು.

ಲ್ಯಾಬು ಹೋಯಿತು ಅಂದುಕೊಂಡೆ. ಆಮೇಲೆ ಸಿಟ್ಟು ನೆತ್ತಿಗೇರಿತು. "ಕದಡಿ ಸಾರ್. ನಿಮಗೆ ಸಾಕು ಅನ್ನಿಸೋ ತನಕ ಕದಡಿ" ಅಂದೆ. ಅವರು ಇನ್ನೂ ಜೋರಾಗಿ ತಿರುವಿದರು. ಕೈ ಸೋತು ನಿಲ್ಲಿಸಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದ ಹಾಗೆ ಎಣ್ಣೆ ಹನಿಹನಿಯಾಗಿ ಮೇಲೆ ಬಂತು. ಹನಿಗೆ ಹನಿ ತಾಗಿ ಒಂದಾಗುತ್ತ, ಕೊನೆಗೆ ಮೊದಲಿನ ಹಾಗೇ ನಿಂತಿತು.

ಅತಿಥಿ ತಲೆದೂಗಿದರು. "ಅಂದ್ರೆ ಯಾರು ಕಲಸುದ್ರೂ ತಮ್ಮೋರ ಜೊತೆಗೇ ಸೇರ್ಕತ್ತವೆ. ಮಧ್ಯ ಗೋಡೆ ಬೇಕೇ ಇಲ್ಲ. ಚೆನ್ನಾಗಿ ಅರ್ಥ ಮಾಡ್ಸುದ್ರಿ ಕಣಮ್ಮ."

ಅವತ್ತು ನಾನು ಮನೆಗೆ ಹೋಗಿ ಅತ್ತೆಗೂ ಹೋಳಿಗೆ ಮಾಡಿ ಬಡಿಸಿದೆ.

ಮಾರನೇ ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದರೆ ಮೈಕ್ರೋಸ್ಕೋಪುಗಳೆಲ್ಲ ಒಂದು ಪಕ್ಕಕ್ಕೆ ಸರಿದಿವೆ. ಇನ್ನೊಂದು ಪಕ್ಕದಲ್ಲಿ ಕಾಮರ್ಸಿನ ಮೇಷ್ಟ್ರು ಬೋರ್ಡಿನ ತುಂಬ ಲಾಭ ನಷ್ಟ ಬರೆಯುತ್ತಿದ್ದಾರೆ. ಪ್ರಿನ್ಸಿಪಾಲರ ಹತ್ತಿರ ಓಡಿದೆ. "ಲ್ಯಾಬು ಉಳಿಸ್ತೀನಿ ಅಂದಿದ್ರಿ ಸಾರ್. ಅಲ್ಲಿ ಮಧ್ಯ ಒಂದು ಪರದೆ ಕೂಡ ಇಲ್ಲ."

"ಉಳ್ಸಿದ್ದೀನಲ್ಲ ಮೇಡಂ. ಈ ಕಡೆ ನೀವು, ಆ ಕಡೆ ಅವ್ರು. ಗೋಡೆ ಬೇಡ ಅಂತ ನೀವೇ ಅಲ್ವಾ ತೋರ್ಸಿದ್ದು?"

ಹಲ್ಲು ಕಡಿದುಕೊಂಡು ವಾಪಸು ಬಂದೆ. ಮಳವಳ್ಳಿ ಹುಡುಗ ಬಾಗಿಲಲ್ಲಿ ನಿಂತು ಒಳಗೆ ಆ ಕಡೆ ಈ ಕಡೆ ನೋಡುತ್ತಿದ್ದ. ನನ್ನ ಮುಖ ಕಂಡು ಸಮಾಧಾನ ಹೇಳಿದ: "ಮಾರ್ನಮಿ ಗಂಟ ತಡ್ಕಳಿ ಮೇಡಂ."