ಸಿಗಡಿಯ ಮೇಲೆ ಹೊರಿಸಿದ ಅಪವಾದ

ನನ್ನ ತಮ್ಮನ ತುಟಿ ಮೊದಲ ಸಲ ಊದಿದಾಗಲೇ ನಾನು ಕೊಟ್ಟ ಮಾತ್ರೆಯ ಮೇಲೆ ನನಗೆ ಅನುಮಾನ ಬಂದಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಇದನ್ನು ಓದಿ ನೀವು ಮುಖ ಸಿಂಡರಿಸಬಹುದು. ಸಿಂಡರಿಸಿ. ಆದರೆ ಅದಕ್ಕೆ ಮೊದಲು ಎದ್ದು ನಿಮ್ಮ ಮನೆಯ ಕಪಾಟನ್ನೊಮ್ಮೆ ನೋಡಿ ಬನ್ನಿ. ಯಾರಿಗೋ ಯಾವಾಗಲೋ ತಂದು ಅರ್ಧ ಉಳಿದ ಮಾತ್ರೆ ಅಲ್ಲಿ ಇದ್ದೇ ಇರುತ್ತದೆ. ಪಕ್ಕದ ಮನೆಯವರಿಗೆ ಜ್ವರ ಬರಲಿ ಎಂದು ಕಾಯುತ್ತಾ ಕೂತಿರುತ್ತದೆ.

ನಾನು ಸೌದಿಯ ಖತೀಫಿನಲ್ಲಿ ಟೈಲರ್. ಓದಿದ್ದು ಏಳನೆಯ ಕ್ಲಾಸು, ಅದೂ ಪೂರ್ತಿಯಲ್ಲ. ತಮ್ಮ ಪ್ರವೀಣ ಅದೇ ಅಂಗಡಿಯಲ್ಲಿ ಇಸ್ತ್ರಿ, ಗುಂಡಿ, ಕಾಜಾ ನೋಡಿಕೊಳ್ಳುತ್ತಾನೆ. ಊರಿಗೆ ಹೋದವರು ಬರುವಾಗ ಒಣಮೀನು, ಉಪ್ಪಿನಕಾಯಿಯ ಜೊತೆ ಮಾತ್ರೆಗಳನ್ನೂ ತರುವುದು ಇಲ್ಲಿ ನಮ್ಮವರ ಪದ್ಧತಿ. ಪೆಟ್ಟಿಗೆಯಲ್ಲಿ ಜಾಗ ಉಳಿಸಲು ಎಲ್ಲರೂ ರಟ್ಟಿನ ಡಬ್ಬ ಬಿಸಾಡುತ್ತಾರೆ. ನಾನು ಕತ್ತರಿ ಹಿಡಿಯುವವನಲ್ಲವೇ, ಅಷ್ಟಕ್ಕೇ ಬಿಡುತ್ತೇನೆಯೇ? ಪಟ್ಟಿಗಳ ಅಂಚನ್ನೂ ಕತ್ತರಿಸಿ, ಮಾತ್ರೆಗಳನ್ನು ಒಂದೊಂದಾಗಿ ಬೇರೆ ಮಾಡಿ, ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದೆ. ಹೆಸರು, ತಾರೀಕು ಎಲ್ಲ ಚೂರಾಗಿ ಊರಿನ ಕಸದ ಬುಟ್ಟಿಯಲ್ಲೇ ಉಳಿಯುತ್ತಿದ್ದವು. ಬಿಳಿ ಜ್ವರಕ್ಕೆ, ಹಳದಿ ಹೊಟ್ಟೆಗೆ, ಗುಲಾಬಿ ನೋವಿಗೆ. ಇದು ನನ್ನ ವೈದ್ಯಶಾಸ್ತ್ರ. ಸುತ್ತಲಿನವರು ತಮಾಷೆಗೆ "ಡಾಕ್ಟ್ರೇ" ಎಂದು ಕರೆದರೂ ನಾನು ಗಂಭೀರವಾಗಿಯೇ ಓಗೊಡುತ್ತಿದ್ದೆ.

ಮೊದಲ ಸಲ ಪ್ರವೀಣನಿಗೆ ಹಲ್ಲುನೋವು ಬಂದಾಗ ಗುಲಾಬಿ ಕೊಟ್ಟೆ. ಒಂದು ಗಂಟೆಯಲ್ಲಿ ಮೈಯೆಲ್ಲ ದದ್ದು, ತುಟಿ ಊದಿ ಎರಡರಷ್ಟು ದಪ್ಪ. "ಅಣ್ಣ, ಇದು ಮಾತ್ರೆಯಿಂದ ಆದದ್ದೋ ಎಂತದೋ" ಎಂದ. "ಮಧ್ಯಾಹ್ನ ಬಟ್ಟಲುಗಟ್ಟಲೆ ಸಿಗಡಿ ಬಾರಿಸಿದ್ದು ಮರೆತುಹೋಯ್ತಾ ನಿಂಗೆ?" ಎಂದು ಗದರಿಸಿದೆ. ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿದೆ. ಅವರು ಚೀಟಿಯಲ್ಲಿ ಹಾಗೆಯೇ ಬರೆದರು. ಅಂದಿನಿಂದ ನಾಲ್ಕು ತಿಂಗಳು ಪಾಪದವನು ಸಿಗಡಿ ಮುಟ್ಟಲಿಲ್ಲ. ಮೀನಿನ ಮಾರ್ಕೆಟ್ಟು ಕೂಗಳತೆಯಲ್ಲಿರುವ ಊರಿನಲ್ಲಿ ಕೂತು ಬೇಳೆಸಾರು ಉಣ್ಣುತ್ತಿದ್ದ. ಅವನ ಪಾಲಿನ ಸಿಗಡಿಯನ್ನು ಯಾರು ತಿಂದರು ಎಂದು ಕೇಳಬೇಡಿ.

ಸುಳ್ಳು ಹೇಳುವುದರಲ್ಲಿ ಒಂದು ಅಪಾಯವಿದೆ: ಕೆಲವು ದಿನಗಳಲ್ಲಿ ಹೇಳಿದವನೇ ಅದನ್ನು ನಂಬಿಬಿಡುತ್ತಾನೆ. ಹೋದ ತಿಂಗಳು ಮತ್ತೆ ಹಲ್ಲುನೋವು ಬಂದಾಗ ನಾನು ಧೈರ್ಯವಾಗಿ ಮತ್ತೆ ಗುಲಾಬಿಯನ್ನೇ ಕೊಟ್ಟೆ. ಈ ಸಲ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಣ್ಣು ಮುಚ್ಚುವಷ್ಟು ಮುಖ ಊದಿತು, ಉಸಿರಾಟ ಸಿಳ್ಳೆ ಹೊಡೆಯತೊಡಗಿತು. ಪಕ್ಕದ ಬಟ್ಟೆ ಅಂಗಡಿಯ ಭಟ್ಕಳದ ಇಸ್ಮಾಯಿಲ್ ಸಾಹೇಬರು "ಯಲ್ಲಾ, ಯಲ್ಲಾ" ಎಂದು ನಮ್ಮನ್ನು ವ್ಯಾನಿಗೆ ತುಂಬಿ ಆಸ್ಪತ್ರೆಗೆ ಒಯ್ದರು.

ಅಲ್ಲಿ ಸೂಜಿ ಚುಚ್ಚಿದ ಮೇಲೆ ಉಸಿರು ಸರಿಯಾಯಿತು. ಆಗ ಔಷಧ ವಿಭಾಗದಿಂದ ಸಿಸಿಲಿಯಾ ಎಂಬವರು ಒಂದು ಫಾರಂ ಹಿಡಿದು ಬಂದರು. ಔಷಧಗಳಿಂದ ಯಾರಿಗಾದರೂ ತೊಂದರೆಯಾದರೆ ಬರೆದುಕೊಳ್ಳುವುದು ಅವರ ಕೆಲಸ. ಉಡುಪಿ ಕಡೆಯವರು. "ಹಳೆ ಚೀಟಿಯಲ್ಲಿ ಸಿಗಡಿ ಅಂತ ಉಂಟು. ಇವತ್ತು ತಿಂದಿದ್ದಾರಾ?"

"ಇಲ್ಲ. ಬಿಟ್ಟು ನಾಲ್ಕು ತಿಂಗಳಾಯ್ತು."

"ಮತ್ತೆ ಎಂತ ತಗೊಂಡದ್ದು ಮಾರಾಯ್ರೆ? ಮಾತ್ರೆ, ಗೀತ್ರೆ?"

"ಎಂತದೂ ಇಲ್ಲ. ಉಪ್ಪುನೀರು ಮುಕ್ಕಳಿಸಿದ, ಅಷ್ಟೇ."

ಮಾತಾಡಲಾಗದ ಪ್ರವೀಣ ಊದಿದ ರೆಪ್ಪೆಯ ಸಂದಿಯಿಂದ ನನ್ನನ್ನು ನೋಡಿದ. ನನ್ನ ಬಿಸ್ಕತ್ತಿನ ಡಬ್ಬಿಯನ್ನು ಬಲ್ಲ ಇಸ್ಮಾಯಿಲ್ ಸಾಹೇಬರು ನನ್ನನ್ನು ಮೂಲೆಗೆ ಎಳೆದು, "ಬಾಯಿ ಬಿಡ್ಬೇಡ ಮಾರಾಯ. ಫಾರಂ ತುಂಬಿದ್ರೆ ಕಫೀಲ್‌ನ ಕೈಗೆ ಹೋಗ್ತದೆ. ಮತ್ತೆ ನಿನ್ನ ಇಕಾಮಾ ಉಳಿತದಾ?" ಎಂದು ಪಿಸುಗುಟ್ಟಿದರು. ಕಫೀಲ್ ಎಂದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಇಕಾಮಾ ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ. ಅಷ್ಟರಲ್ಲಿ ನರ್ಸ್ ಇನ್ನೊಂದು ಸೂಜಿ ತಂದಳು. ಹಲ್ಲುನೋವಿಗಂತೆ. ಅಂದರೆ ಅದೂ ನೋವಿನ ಮದ್ದೇ.

"ನಿಲ್ಲಿಸಿ!" ಎಂದು ಕೂಗಿದೆ. ಮಸೀದಿಯ ಮೈಕಿಗೂ ಅಷ್ಟು ಗಂಟಲಿಲ್ಲ. "ನಾನು ಕೊಟ್ಟದ್ದು! ನೋವಿನ ಮಾತ್ರೆ! ಎರಡು ಸಲವೂ ನಾನೇ! ಇಕಾಮಾ ಹೋದ್ರೆ ಹೋಗ್ಲಿ, ಊರಲ್ಲಿ ಜನ ಬಟ್ಟೆ ಹಾಕುದಿಲ್ವಾ?"

ಸಿಸಿಲಿಯಾ ಸೂಜಿಯನ್ನು ತಡೆದರು. "ಇದು ಪೊಲೀಸ್ ಫಾರಂ ಅಲ್ಲ. ನಿಮ್ಮಂಥವರು ಹೇಳಿದ್ರೆ ಅಲ್ವಾ ಯಾವುದು ಯಾರಿಗೆ ಆಗುದಿಲ್ಲ ಅಂತ ಗೊತ್ತಾಗುದು? ಮಾತ್ರೆ ಹೆಸರು ಹೇಳಿ."

"ಗುಲಾಬಿ."

ಅವರು ಪೆನ್ನು ಕೆಳಗಿಟ್ಟರು. ನಾನು ಊರಿನಲ್ಲಿರುವ ಹೆಂಡತಿಗೆ ಫೋನ್ ಮಾಡಿ, ನನ್ನ ಮಂಡಿನೋವಿಗೆ ಆ ಗುಲಾಬಿಯನ್ನು ಬರೆದಿದ್ದ ಡಾಕ್ಟರ ಚೀಟಿಯ ಫೋಟೋ ತರಿಸಿದೆ. ನೋಡಿದ ಸಿಸಿಲಿಯಾ, ಆ ಸೂಜಿಯ ಮದ್ದೂ ಅದೇ ಜಾತಿಯದ್ದು, ಚುಚ್ಚಿದ್ದರೆ ಪುನಃ ಉಸಿರು ಕಟ್ಟುತ್ತಿತ್ತು ಎಂದರು.

ಸಂಜೆಯ ಹೊತ್ತಿಗೆ ಪ್ರವೀಣನ ತುಟಿ ತುಟಿಯಂತೆ ಕಾಣತೊಡಗಿತು. ಅವನು ನನ್ನನ್ನೇ ನೋಡುತ್ತಿದ್ದ. ಅಣ್ಣನಾಗಿ ಹುಟ್ಟಿದ ಮೇಲೆ ಅವನನ್ನು ಬೈದು ಮಾತ್ರ ಗೊತ್ತಿದ್ದ ನಾಲಿಗೆ ನನ್ನದು. ಬೇರೆ ಸ್ವರ ಅದಕ್ಕೆ ಹೊರಡುವುದೇ ಇಲ್ಲ. ಹಾಗಾಗಿ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಗದರಿಸಿಯೇ ಹೇಳಿದೆ:

"ಎಂತ ನೋಡುದು? ಅವತ್ತು ನೀನು ಹೇಳಿದ್ದೇ ಸರಿ, ನಾನು ಕೇಳ್ಲಿಲ್ಲ. ತಪ್ಪಾಯ್ತು. ಕೇಳ್ತಾ? ನಂದೇ ತಪ್ಪು ಮಾರಾಯ, ಕ್ಷಮಿಸು."