ಕ್ಯಾಪ್ಟನ್ ಗಿರಿಜಕ್ಕನ ಚಮಕಿ ಡ್ರೆಸ್ಸು

ಸಿನಿಮಾಕ್ಕೆ ಹೋದವರಲ್ಲಿ ಕೆಲವರು ಕಥೆ ನೋಡುತ್ತಾರೆ, ಕೆಲವರು ಫೈಟು ನೋಡುತ್ತಾರೆ, ನಮ್ಮ ಮನೆಯವರು ಇಂಟರ್ವಲ್ ಯಾವಾಗ ಎಂದು ವಾಚು ನೋಡುತ್ತಾರೆ. ನಾನು ಬಟ್ಟೆ ನೋಡುತ್ತೇನೆ. ಇದೊಂದು ಕಾಯಿಲೆ ಎಂದು ನನಗೂ ಗೊತ್ತು. ಮಳೆಯಲ್ಲಿ ತೊಯ್ದ ನಾಯಕ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಅಂಗಿ ಒಣಗಿ ಇಸ್ತ್ರಿಯೂ ಆಗಿದ್ದರೆ, ಆಮೇಲೆ ಅವನ ತಾಯಿ ಸತ್ತರೂ ನನಗೆ ಅಳು ಬರುವುದಿಲ್ಲ. ಆದರೂ ಸಾಧಾರಣ ಸಿನಿಮಾಗಳನ್ನು ಹೇಗೋ ಸಹಿಸಿಕೊಳ್ಳಬಹುದು. ನನ್ನ ಬಿ.ಪಿ. ಏರಿಸುವುದು ಬಾಹ್ಯಾಕಾಶದ ಇಂಗ್ಲಿಷ್ ಸಿನಿಮಾಗಳು.

ನಾನು ಕಾಲೇಜಿನಲ್ಲಿದ್ದಾಗ ಅಂಥದೊಂದು ಬಂದಿತ್ತು. ಅದರ ಬೆನ್ನಿಗೇ ಎರಡನೆಯದು, ಮೂರನೆಯದು. ಅದರ ಕ್ಯಾಪ್ಟನ್ ಮಾಸಿದ ಉದ್ದನೆಯ ಕೋಟು ತೊಟ್ಟು ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡುತ್ತಿದ್ದ. ಗುಂಡಿ ಕಿತ್ತುಹೋದ ಕಡೆ ದಾರ ಕಟ್ಟಿಕೊಂಡಿದ್ದ. ಈಚೆಗೆ ಅದೇ ಕಂಪನಿಯವರು ಆ ಕ್ಯಾಪ್ಟನ್ನನ ಅಜ್ಜನ ಕಥೆ ತೆಗೆದರು. ನೋಡುತ್ತೇನೆ, ಅಜ್ಜನ ಕಾಲದಲ್ಲಿ ಎಲ್ಲರಿಗೂ ಮೈಗಂಟಿದ ಹೊಳೆಯುವ ಸೂಟು, ಮುಂಗೈಯಲ್ಲಿ ದೀಪ, ಎಲ್ಲೂ ಒಂದು ಸುಕ್ಕಿಲ್ಲ! “ಅಲ್ರೀ, ಅಜ್ಜನಿಗೆ ಗುಂಡಿನೇ ಬೇಡವಾಗಿತ್ತು ಅಂದ್ರೆ ಮೊಮ್ಮಗ ಯಾಕೆ ದಾರ ಕಟ್ಕೊಂಡ?” ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆನೇನೋ. ನಮ್ಮ ಮನೆಯವರು ಏನಾದರೂ ಹೇಳುವ ಮೊದಲೇ ಮುಂದಿನ ಸೀಟಿನವರು ತಿರುಗಿ, “ಅಕ್ಕಾರೆ, ಅದನ್ನ ಮನೀಗೆ ಹೋಗಿ ಮಾತಾಡ್ಕೊಳ್ರಿ” ಎಂದರು.

ಇಂಥ ನನ್ನ ಕೈಗೆ ನಾಟಕ ಆಡಿಸುವ ಕೆಲಸ ಸಿಕ್ಕರೆ ಹೇಗಿರಬೇಡ! ದಾವಣಗೆರೆಯಲ್ಲಿ ನಮ್ಮ ಸರಸ್ವತಿ ನಗರದ ಹೆಂಗಸರದೊಂದು ಸಂಘವಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಎಂಬ ಒಂದೇ ಕಾರಣಕ್ಕೆ ಹೋದ ವರ್ಷ ನನ್ನಿಂದ ಒಂದು ನಾಟಕ ಬರೆಸಿದರು. ‘ಶುಕ್ರಗ್ರಹಕ್ಕೆ ಸೊಸೆ’ ಎಂದು ಹೆಸರಿಟ್ಟೆ. ರಾಕೆಟ್ಟಿನ ಕ್ಯಾಪ್ಟನ್ ನಮ್ಮ ಹಿಂದಿನ ಬೀದಿಯ ಗಿರಿಜಕ್ಕ. ಅವರದು ಎಂಥ ಗಂಟಲೆಂದರೆ ಸಂತೆಯಲ್ಲಿ ಒಂದು ಕಡೆ ಬೀನ್ಸಿನ ರೇಟು ಕೇಳಿದರೆ ನಾಲ್ಕು ಗುಡ್ಡೆ ಆಚೆಯವರು ಉತ್ತರ ಕೊಡುತ್ತಾರೆ. ರಾಕೆಟ್ಟಿನ ಅರವತ್ತು ವರ್ಷದ ಡಾಕ್ಟರಮ್ಮನ ಪಾತ್ರಕ್ಕೆ ಯಾರೂ ಒಪ್ಪದೆ, ತಲೆಗೆ ಪೌಡರ್ ಸುರಿದುಕೊಂಡು ನಾನೇ ನಿಂತೆ. ಉಡುಪಿಗೆ ಕಾಲೊನಿಯ ಗಂಡಸರ ಹಳೆಯ ರೇನ್‌ಕೋಟುಗಳನ್ನೆಲ್ಲ ಒಟ್ಟು ಮಾಡಿದೆವು. ಗಿರಿಜಕ್ಕನದಕ್ಕೆ ತೋಳಿನಲ್ಲಿ ತೇಪೆಯೂ ಇತ್ತು. ಶುಕ್ರಗ್ರಹದಲ್ಲಿ ಸದಾ ಆಮ್ಲದ ಮೋಡ ಕವಿದಿರುವುದರಿಂದ ರೇನ್‌ಕೋಟು ವೈಜ್ಞಾನಿಕವಾಗಿಯೂ ಸರಿ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಆ ನಾಟಕವನ್ನು ನೋಡಲು ಹರಿಹರದ ಮಹಿಳಾ ಸಂಘದವರು ಬಂದಿದ್ದರು. ಈ ವರ್ಷ ನಮ್ಮಲ್ಲಿಗೆ ಬಂದು ಆಡಿ ಎಂದು ಕರೆದರು. “ಅದನ್ನೇ ಮತ್ತೆ ಬ್ಯಾಡ್ರಿ. ಆ ಕ್ಯಾಪ್ಟನ್ನು ಮೊದಲನೇ ಸಲ ಹೆಂಗೆ ಹೊಂಟ್ಲು, ಆ ಕಥೆ ತೋರಿಸ್ರಿ” ಎಂದರು. ಅಂದರೆ ಮೂವತ್ತು ವರ್ಷ ಹಿಂದಿನ ಕಥೆ. ನನಗೆ ಹಬ್ಬವೇ ಆಯಿತು. ದೊಡ್ಡ ದೊಡ್ಡ ಕಂಪನಿಗಳಿಗೆ ಆಗದ್ದನ್ನು ದಾವಣಗೆರೆಯವರು ಮಾಡಿ ತೋರಿಸುತ್ತೇವೆ ಎಂದುಕೊಂಡೆ. ಅವೇ ರೇನ್‌ಕೋಟು, ಆದರೆ ಹೊಸವು, ತೇಪೆ ಇಲ್ಲದವು. ನೋಡಿದವರು ‘ಓಹೋ, ಇದು ಆಗಿನ ಕಾಲ’ ಎಂದು ತಾವೇ ತಿಳಿದುಕೊಳ್ಳಬೇಕು.

ಎರಡನೆಯ ಪ್ರಾಕ್ಟೀಸಿಗೆ ಗಿರಿಜಕ್ಕ ಬಂದರು. ಆನೆಕೊಂಡದ ಟೈಲರ್ ಹತ್ತಿರ ಹೊಲಿಸಿದ ಮಿರಮಿರ ನೀಲಿ ಡ್ರೆಸ್ಸು. ಕುತ್ತಿಗೆಯಿಂದ ಕಾಲಿನವರೆಗೆ ಚಮಕಿ. ಅದು ಸಾಲದೆಂದು ಎದೆಯ ಮೇಲೆ ಗಣಪತಿ ಮಂಟಪಕ್ಕೆ ಹಾಕುವ ಸೀರಿಯಲ್ ಸೆಟ್ಟು. ಸೊಂಟದಲ್ಲಿದ್ದ ಬ್ಯಾಟರಿಯ ಸ್ವಿಚ್ ಒತ್ತಿದರು. ಕೆಂಪು, ಹಸಿರು, ಹಳದಿ ಎಂದು ಮಿಣುಕತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕುರ್ಚಿ ಹಿಡಿದು ಕೂತೆ.

“ಗಿರಿಜಕ್ಕ, ಇದು ಮೂವತ್ತು ವರ್ಷ ಹಿಂದಿನ ಕಥೆ.”

“ಗೊತ್ತೈತೆ ಕಣೆ.”

“ಆಗಲೇ ಇಂಥ ಡ್ರೆಸ್ ಇದ್ದ ಮೇಲೆ ಹೋದ ವರ್ಷ ತೇಪೆ ಹಾಕಿದ ರೇನ್‌ಕೋಟ್ ಯಾಕೆ ಹಾಕ್ಕೊಂಡಿದ್ರಿ ಅಂತ ಜನ ಕೇಳಲ್ವಾ?”

“ನಮ್ಮತ್ತಿ ಸೊಸೆಯಾಗಿ ಬಂದಾಗ ಮನ್ಯಾಗೂ ರೇಷ್ಮೆ ಉಡ್ತಿದ್ಲಂತೆ. ನಾನು ದಿನಾ ನೈಟಿ ಮ್ಯಾಲೆ ಟವೆಲ್ ಹೊದ್ಕೊಂಡು ಹಾಲು ತರಾಕೆ ಹೋಗ್ತೀನಿ. ಕಾಲ ಮುಂದಕ್ಕೆ ಹೋದಂಗೆ ಬಟ್ಟೆ ಚಲೋ ಆಗ್ತಾವಂತ ನಿನಗೆ ಯಾರು ಹೇಳಿದ್ರು?”

ಉತ್ತರವಿಲ್ಲದಾಗ ದನಿ ಏರಿಸುವುದು ಮೇಷ್ಟರ ಕಸುಬು. “ನಿರ್ದೇಶಕಿ ನಾನು. ರೇನ್‌ಕೋಟ್ ಅಂದ್ರೆ ರೇನ್‌ಕೋಟ್” ಎಂದೆ. “ಹಂಗಾದ್ರೆ ಕ್ಯಾಪ್ಟನ್ನೂ ನೀನೇ ಆಗು” ಎಂದು ಗಿರಿಜಕ್ಕ ದೀಪ ಆರಿಸದೆಯೇ ಹೊರಟುಹೋದರು. ಅವರು ಮಿಣುಕುತ್ತ ಬೀದಿ ದಾಟಿ ತಿರುವಿನಲ್ಲಿ ಮರೆಯಾಗುವುದನ್ನು ನಾವೆಲ್ಲ ಕಾಂಪೌಂಡಿನಲ್ಲಿ ನಿಂತು ನೋಡಿದೆವು.

ಮುಂದಿನ ವಾರವೆಲ್ಲ ನನಗೆ ನರಕ. ವಾಕಿಂಗಿನಲ್ಲಿ ಎದುರಾದರೆ ಗಿರಿಜಕ್ಕ ಆ ಬದಿಗೆ ದಾಟುತ್ತಿದ್ದರು. ಬದಲಿ ಕ್ಯಾಪ್ಟನ್ನನ್ನಾಗಿ ಮಾಡಿದ ಹುಡುಗಿಯ ದನಿ ಎರಡನೇ ಸಾಲಿಗೂ ಮುಟ್ಟುತ್ತಿರಲಿಲ್ಲ. “ಒಂದು ಕೋಟಿನ ಸಲುವಾಗಿ ಇಷ್ಟು ವರ್ಷದ ಗೆಳೆತನ ಬಿಟ್ಯಲ್ಲೇ” ಎಂದು ನಮ್ಮ ಮನೆಯವರು ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಕೊನೆಗೆ ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ಗಿರಿಜಕ್ಕ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ತಿರುಗಿ ನೋಡದೆ “ಕೂಡ್ರು” ಎಂದರು. ಒಗ್ಗರಣೆ ಮುಗಿಸಿ ಅವರೇ ಮಾತು ತೆಗೆದರು.

“ನಮ್ಮವ್ವ ಹರಿಹರದಾಗೇ ಅದಾಳೆ, ಗೊತ್ತಲ್ಲ? ನನ್ನ ನಾಟಕ ಒಂದೂ ನೋಡಿಲ್ಲ. ಈ ಸಲ ನಮ್ಮಣ್ಣ ಕರ್ಕೊಂಡು ಬರ್ತಾನೆ. ಕಣ್ಣು ಪೂರ್ತಿ ಮಂಜಾಗ್ಯಾವೆ, ಶೋಭಾ. ಕತ್ತಲ ಹಾಲಿನಾಗೆ ಎಂಟು ಜನ ರೇನ್‌ಕೋಟ್ ಹಾಕ್ಕೊಂಡು ನಿಂತ್ರೆ ಅದರಾಗೆ ಮಗಳು ಯಾರಂತ ಆಕಿಗೆ ಹೆಂಗೆ ಗೊತ್ತಾಗಬೇಕು? ಲೈಟಿದ್ರೆ ಅಷ್ಟರ ಮಟ್ಟಿಗೆ ಕಾಣ್ತೀನಿ.”

“ಇದನ್ನ ಅವತ್ತೇ ಹೇಳಬಾರದಾಗಿತ್ತಾ?”

“ನೀನು ಹೇಳಾಕೆ ಬಿಟ್ರೆ ತಾನೆ!”

ನಾನು ಮಂಡಕ್ಕಿ ತಿಂದೆ. ಡ್ರೆಸ್ಸಿಗೆ ಒಪ್ಪಿದೆ. ಆದರೆ ಕಾಯಿಲೆ ಅಷ್ಟು ಬೇಗ ಬಿಡುತ್ತದೆಯೇ? ಮನೆಗೆ ಬಂದವಳೇ ಕೊನೆಯಲ್ಲೊಂದು ಹೊಸ ದೃಶ್ಯ ಸೇರಿಸಿದೆ. ಉಲ್ಕೆಯ ಕಿಡಿ ತಾಗಿ ನೀಲಿ ಉಡುಪು ಅಲ್ಲಲ್ಲಿ ಸುಟ್ಟುಹೋಗುತ್ತದೆ. ಕ್ಯಾಪ್ಟನ್ ದೀಪ ಆರಿಸಿ, ಅದರ ಮೇಲೆ ರೇನ್‌ಕೋಟು ತೊಟ್ಟು, ‘ಇನ್ನು ಮುಂದೆ ನನಗೂ ಇದೇ ಉಡುಪು’ ಎಂದು ಘೋಷಿಸಬೇಕು. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೊಲಿಗೆ ಬಿತ್ತು. ಗಿರಿಜಕ್ಕನೂ ತಲೆಯಾಡಿಸಿದರು.

ಹರಿಹರದ ಹಾಲು ತುಂಬಿತ್ತು. ಮೊದಲ ಸಾಲಿನಲ್ಲಿ ಅಣ್ಣನ ಪಕ್ಕ ಗಿರಿಜಕ್ಕನ ತಾಯಿ ಕೂತಿದ್ದರು. ಗಿರಿಜಕ್ಕ ಮಿಣುಕುತ್ತ ರಂಗಕ್ಕೆ ಬಂದದ್ದೇ ತಡ, ಆ ಮುದುಕಿ ಕೈಯೆತ್ತಿ, “ಅಗಾ ಅಲ್ಲಿ, ನಮ್ಮ ಗಿರಿಜಿ!” ಎಂದರು. ಮಗಳ ಗಂಟಲು ಎಲ್ಲಿಂದ ಬಂತೆಂದು ಆಗ ತಿಳಿಯಿತು. ಕ್ಯಾಪ್ಟನ್ ಎಡಕ್ಕೆ ಹೋದರೆ ಅವರ ಮುಖ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಬಂದರೆ ಬಲಕ್ಕೆ. ಉಳಿದ ನಾವು ಯಾರೂ ಆ ತಾಯಿಗೆ ಕಾಣಿಸಲೇ ಇಲ್ಲ.

ಕೊನೆಯ ದೃಶ್ಯ ಬಂತು. ಉಲ್ಕೆ ಬಿತ್ತು. ಈ ಸಲ ಮೂವತ್ತು ವರ್ಷದ ಡಾಕ್ಟರಮ್ಮನಾಗಿ ಹೊಸ ರೇನ್‌ಕೋಟಿನಲ್ಲಿ ಬೇಯುತ್ತಿದ್ದ ನಾನು ಇನ್ನೊಂದನ್ನು ಕ್ಯಾಪ್ಟನ್‌ಗೆ ಒಪ್ಪಿಸಿದೆ. ಗಿರಿಜಕ್ಕ ಅದನ್ನು ಕೈಗೆ ತೆಗೆದುಕೊಂಡರು. ಮೊದಲ ಸಾಲಿನ ಕಡೆ ನೋಡಿದರು. ಸ್ವಿಚ್ಚಿಗೆ ಹೋದ ಕೈ ಹಿಂದೆ ಬಂತು. “ಡಾಕ್ಟ್ರೇ, ನಿಮಗೇ ಥಂಡಿ ಹತ್ತೈತೆ, ನೀವೇ ಹಾಕ್ಕೊಳ್ರಿ” ಎಂದು ನನ್ನ ಹೆಗಲಿಗೆ ಹೊದಿಸಿ, ಮಿಣುಕುತ್ತಲೇ ರಾಕೆಟ್ ಹತ್ತಿಬಿಟ್ಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಎರಡು ರೇನ್‌ಕೋಟು ಹೊದ್ದು, ಹಲ್ಲು ಕಚ್ಚಿಕೊಂಡು, ಬೆವರುತ್ತ ಕೈಮುಗಿದೆ.

ಆಮೇಲೆ ಚಹಾ ಕುಡಿಯುವಾಗ ಯಾರಾದರೂ ಉಡುಪಿನ ವಿಷಯ ಎತ್ತಿಯೇ ಎತ್ತುತ್ತಾರೆ ಎಂದು ನಾಲ್ಕಾರು ಸಮಜಾಯಿಷಿ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅಲ್ಲಿನ ಸಂಘದ ಹಿರಿಯರೊಬ್ಬರು ನನ್ನನ್ನೇ ಹುಡುಕಿಕೊಂಡು ಬಂದು ಕೈ ಹಿಡಿದರು. “ಹೋದ ವರ್ಷದ್ದೂ ದಾವಣಗೇರಿಗೆ ಬಂದು ನೋಡಿದ್ದೆ ನಾನು. ಈ ಸಲ ನಿಮ್ಮ ಪಾತ್ರ ಬಾಳ ಹಿಡಿಸ್ತು ನೋಡ್ರಿ. ಆ ಡಾಕ್ಟರಮ್ಮನ ತಾಯಿ ಪಾತ್ರ ಮಾಡಿದ್ರಲ್ಲ, ಥೇಟ್ ತಾಯಿ ಕಂಡಂಗೇ ಕಂಡ್ರಿ!”

ನಾನು “ಹೌದ್ರಿ, ತಾಯಿನೇ” ಎಂದೆ.

ಪಕ್ಕದಲ್ಲಿದ್ದ ನಮ್ಮ ಮನೆಯವರು ಚಹಾ ನೆತ್ತಿಗೇರಿ ಕೆಮ್ಮುತ್ತ ಹೊರಗೆ ಓಡಿದರು. ವಾಪಸು ಬಸ್ಸು ಹತ್ತುವಾಗ ಅವರು ಪಕ್ಕಕ್ಕೆ ಸರಿದು, ಎರಡೂ ಕೈ ಕಟ್ಟಿಕೊಂಡು, ಮದುವೆಯಾದಾಗಿನಿಂದ ಒಮ್ಮೆಯೂ ನನಗೆ ತೋರಿಸದಿದ್ದ ಮರ್ಯಾದೆಯಿಂದ, “ಅತ್ತೀ, ಕಿಟಕಿ ಸೀಟು ಬೇಕೇನ್ರಿ?” ಎಂದು ಕೇಳಿದರು.