ವೀರಗಲ್ಲಿನ ಪಕ್ಕದ ಕೋಣೆಯಲ್ಲಿ ಮಾಡರ್ನ್ ಡ್ರೆಸ್ಸು

ಮ್ಯೂಸಿಯಮ್ಮಿನಲ್ಲಿ ಮಾತಾಡುವ ಅಗತ್ಯವೇ ಇರುವುದಿಲ್ಲ ಎಂದುಕೊಂಡು ಈ ಕೆಲಸಕ್ಕೆ ಸೇರಿದವಳು ನಾನು. ಆದರೆ ಏನೂ ನಡೆಯಬಾರದ ಜಾಗದಲ್ಲೇ ದಿನಕ್ಕೊಂದು ನಡೆಯುತ್ತದೆ.

ಕೋಲಾರದ ನಮ್ಮ ಪುಟ್ಟ ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳ ಪಕ್ಕ ಒಂದು ಕೋಣೆ ಖಾಲಿ ಇತ್ತು. ಅಲ್ಲಿ ಈ ಕಾಲದ ಉಡುಪುಗಳನ್ನು ಪ್ರದರ್ಶನಕ್ಕಿಡೋಣ ಅಂತ ನಮ್ಮ ಕ್ಯುರೇಟರ್ ಸಾರ್‌ಗೆ ಹೇಳಿದೆ. ಬಟ್ಟೆಗಳು ಡಿಸೈನರ್ ಆಗಿರುವ ನನ್ನ ಕಾಲೇಜು ಗೆಳತಿಯವು. ಬೊಂಬೆಗಳನ್ನು ಮಾಲೂರಿನ ಬಟ್ಟೆ ಅಂಗಡಿಯವರು ಸಾಲ ಕೊಟ್ಟರು. ಸಾರ್ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು: "ತಿಂಗಳ ಕೊನೆಗೆ ಬೆಂಗಳೂರಿಂದ ಇಲಾಖೆ ಸಾಹೇಬ್ರು ನೋಡೋಕೆ ಬರ್ತಾರೆ. ಜನ ಕಂಡರೆ ಕೋಣೆ ನಿನ್ನದು. ಇಲ್ಲಾಂದ್ರೆ ಮುರಿದ ಬೀರುಗಳನ್ನ ಅಲ್ಲಿ ತುಂಬಿಸ್ತೀನಿ."

೧. ಚೌಕಾಸಿ

ಮೊದಲು ಬಂದದ್ದು ನಂಗಲಿ ಕಡೆಯ ಒಂದು ಕುಟುಂಬ. ಮಗಳ ಮದುವೆಗೆ ಜವಳಿ ತೆಗೆಯಲು ಊರಿಗೆ ಬಂದವರು, ಕಿಟಕಿಯಲ್ಲಿ ಬೊಂಬೆ ಕಂಡು ಒಳಗೆ ಬಂದಿದ್ದರು. ಅಮ್ಮ ಒಂದು ಲೆಹಂಗಾದ ಅಂಚು ಹಿಡಿದು ಉಜ್ಜಿ ನೋಡಿ, "ಎಷ್ಟಮ್ಮಾ ಇದು?" ಅಂದರು.

"ಇದು ಮಾರೋದಕ್ಕಲ್ಲ ಅಮ್ಮಾ."

"ಮಾರೋದಿಲ್ಲ ಅಂದ್ರೆ ಯಾಕೆ ಬೊಂಬೆಗೆ ಉಡಿಸಿದ್ದೀರಾ?"

ಆಮೇಲೆ ಅವರು ಗಂಡನ ಕಿವಿಯಲ್ಲಿ ನನಗೂ ಕೇಳಿಸುವಷ್ಟು ಜೋರಾಗಿ ಹೇಳಿದರು: "ರೇಟ್ ಏರಿಸೋಕೆ ಹಿಂಗಂತಾರೆ. ಹೊರಟೋಗೋಣ ಬನ್ನಿ. ಅವ್ರೇ ಕರೀತಾರೆ."

ಹೊರಟರು. ಬಹಳ ನಿಧಾನವಾಗಿ ಹೊರಟರು. ಗೇಟಿನ ಹತ್ತಿರ ನಿಂತು ಹಿಂತಿರುಗಿ ನೋಡಿದರು. ನಾನು ಕರೆಯಲಿಲ್ಲ. ಚಪ್ಪಲಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಇನ್ನೊಮ್ಮೆ ನೋಡಿದರು. ಆಗಲೂ ಕರೆಯಲಿಲ್ಲ. ಕೊನೆಗೆ ಯಜಮಾನರೇ ವಾಪಸ್ ಬಂದು ಕೈ ಮುಗಿದರು.

"ನಿಮ್ಮಂಥ ಗಟ್ಟಿ ವ್ಯಾಪಾರದವರನ್ನ ನಾನು ಎಲ್ಲೂ ನೋಡಿಲ್ಲ ತಾಯಿ. ಆಗ್ಲಿ, ನೀವು ಹೇಳಿದ್ದೇ ರೇಟು!"

ನಾನು ರೇಟು ಹೇಳಿರಲೇ ಇಲ್ಲ.

೨. ಖಾಲಿ ಹಣೆ

ದೇವರಾಯಸಮುದ್ರದಿಂದ ಒಬ್ಬ ಅಜ್ಜಿ ಬಂದರು. ಬೊಂಬೆಗಳ ಮುಂದೆ ಬಹಳ ಹೊತ್ತು ನಿಂತರು. ಬಟ್ಟೆ ನೋಡುತ್ತಿದ್ದಾರೆ ಎಂದು ನನಗೆ ಖುಷಿ. ಆದರೆ ಅವರು ನೋಡುತ್ತಿದ್ದದ್ದು ಮುಖಗಳನ್ನು.

"ಅಯ್ಯೋ ಪಾಪಂ! ಇಷ್ಟು ಒಳ್ಳೆ ಬಟ್ಟೆ ಹಾಕಿ ಹಣೆ ಖಾಲಿ ಬಿಟ್ಟಿದ್ದೀರಲ್ಲೇ!"

ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ಬಂತು. "ಅಜ್ಜೀ, ಮುಟ್ಟಬಾರದು" ಎಂದು ನಾನು ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಸಾಲಾಗಿ ಎಲ್ಲ ಬೊಂಬೆಗಳಿಗೂ ಕುಂಕುಮ ಆಗಿತ್ತು. ಜೀನ್ಸ್ ಹಾಕಿದವಳಿಗೂ ಆಯಿತು, ತೋಳಿಲ್ಲದ ಗೌನಿನವಳಿಗೂ ಆಯಿತು.

ಸದ್ದು ಕೇಳಿ ಸಾರ್ ಓಡಿಬಂದರು. "ಏನಜ್ಜಿ ಇದು! ಇದು ಮ್ಯೂಸಿಯಂ! ಇಲ್ಲಿ ಯಾವುದನ್ನೂ..."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಂದೂ ಖಾಲೀನೇ ಕಣಪ್ಪ" ಎಂದು ಸಾರ್ ಹಣೆಗೂ ಇಟ್ಟುಬಿಟ್ಟರು. "ಊರೋರನ್ನೆಲ್ಲ ಕರ್ಕೊಂಡು ಬರ್ತೀನಿ" ಎಂದು ಹೇಳಿ ಹೋದರು.

ಬೊಂಬೆಗಳ ಹಣೆ ನಾನು ಒರೆಸಿದೆ. ಸಾರ್ ಮಾತ್ರ ತಮ್ಮದನ್ನು ಸಂಜೆಯವರೆಗೂ ಒರೆಸಿಕೊಳ್ಳಲಿಲ್ಲ.

೩. ಒಂದೇ ತೋಳು

ಶ್ರೀನಿವಾಸಪುರದ ಟೈಲರ್ ಒಬ್ಬರು ಒಂದೇ ತೋಳಿನ ಕುರ್ತಾದ ಮುಂದೆ ನಿಂತು ನನ್ನ ಕಡೆ ಕರುಣೆಯಿಂದ ನೋಡಿದರು. "ಬಟ್ಟೆ ಸಾಲಲಿಲ್ವಾ ಮೇಡಂ?"

"ಅದು ಡಿಸೈನ್."

"ಓಹೋ!" ಅಂದರು, ಅಷ್ಟೇ. ಮಾರನೆಯ ದಿನ ಒಂದು ಚೀಲ ಹೊತ್ತು ತಂದರು. ಅಳತೆ ತಪ್ಪಿ ಗಿರಾಕಿಗಳು ಬಿಟ್ಟುಹೋದ ಬಟ್ಟೆಗಳು! "ನನ್ನ ಹತ್ರಾನೂ ಬೇಕಾದಷ್ಟು ಡಿಸೈನ್ ಇದೆ ಮೇಡಂ, ಇಡಿ."

ಆ ಹೊತ್ತಿಗೆ ಬಂದ ಸಾರ್, ಕಾಲರ್ ಬೆನ್ನಿಗೆ ಬಂದಿದ್ದ ಒಂದು ಶರ್ಟ್ ಎತ್ತಿ ಹಿಡಿದು ತಲೆದೂಗಿದರು. "ಇದು ನೋಡಮ್ಮ ಐಡಿಯಾ ಅಂದ್ರೆ. ನಿನ್ನ ಗೆಳತಿ ಬೆಳೀತಾ ಇದ್ದಾಳೆ."

೪. ಸಾಹೇಬರು ಬಂದರು

ಸಾಹೇಬರು ಬರುವ ದಿನ ಬೆಳಿಗ್ಗೆ ಅವರಿಗಿಂತ ಮೊದಲು ಮಾಲೂರಿನ ಅಂಗಡಿಯವರು ಬಂದರು. "ಆಷಾಢದ ಸೇಲ್ ಶುರುವಾಯ್ತು ಕಣಮ್ಮ, ಕಿಟಕಿ ಭಣಭಣ ಅಂತಿದೆ. ಒಂದಾದ್ರೂ ಬೊಂಬೆ ಬೇಕೇ ಬೇಕು." ಸರಿಯಾಗಿ ನಡುವಿನ ಬೊಂಬೆಯನ್ನೇ ಸ್ಕೂಟರಿನ ಹಿಂದೆ ಕೂರಿಸಿ, ಟವಲಿನಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡು, ಪೊಲೀಸರ ಭಯಕ್ಕೆ ಅದಕ್ಕೊಂದು ಹೆಲ್ಮೆಟ್ಟೂ ಹಾಕಿ ಹೊರಟೇಹೋದರು.

ಉಳಿದದ್ದು ಅದರ ಮೇಲಿದ್ದ ಗೌನು. ನಮ್ಮ ಹುತ್ತೂರು ಕಡೆಯ ರೇಷ್ಮೆಯಲ್ಲಿ ಮಾಡಿದ್ದು, ತಲೆಗೆ ಮುಸುಕು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಇಡೀ ಪ್ರದರ್ಶನಕ್ಕೆ ಅದೇ ಕಳಸ. ಕಸ ಗುಡಿಸುತ್ತಿದ್ದ ಅಟೆಂಡರ್ ಅಕ್ಕ ಗೌನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಬಾಯಿ ಬಿಡದೆ ನಿಂತ್ಕೊಳ್ಳೋ ಕೆಲಸ. ನಿನ್ನ ಬಿಟ್ರೆ ಇನ್ಯಾರು ಮಾಡ್ತಾರೆ ಕಣೇ?"

ಸಾರ್ ಬೇಡ ಅನ್ನಲಿಲ್ಲ. ಗೌನು, ಮುಸುಕು, ಕನ್ನಡಕ ಎಲ್ಲ ನಾನೇ ಹಾಕಿಕೊಂಡೆ. ಹೊರಗೆ ಜೀಪಿನ ಸದ್ದಾಯಿತು. ಬೊಂಬೆ ನಿಂತಿದ್ದ ಕಟ್ಟೆ ಹತ್ತಿ ನಿಂತೆ.

ಸಾಹೇಬರು ಒಳಗೆ ಕಾಲಿಟ್ಟಾಗ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. "ಜನ ಎಲ್ರೀ?" ಅಂದರು. ಮುರಿದ ಬೀರುಗಳು ನನ್ನ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ದೇವರಾಯಸಮುದ್ರದ ಅಜ್ಜಿ! ಹಿಂದೆ ಒಂದು ಟೆಂಪೋ ತುಂಬ ಹೆಂಗಸರು. "ಬನ್ರೇ, ಬನ್ರೇ, ಇವೇ ನಾನು ಹೇಳಿದ ಬೊಂಬೆಗಳು!"

ಕೋಣೆ ತುಂಬಿತು. ಸಾಹೇಬರ ಮುಖ ಅರಳಿತು. ಅಜ್ಜಿ ಡಬ್ಬಿ ತೆಗೆದು ಸಾಲು ಹಿಡಿದರು. ನನ್ನ ಸರದಿ ಬಂತು. ಉಸಿರು ಬಿಗಿಹಿಡಿದೆ. ಅಜ್ಜಿ ಮುಸುಕು ಸರಿಸಿ ಬೆರಳಿಟ್ಟವರೇ ಕೈ ಹಿಂದಕ್ಕೆಳೆದರು.

"ಅಯ್ಯೋ, ಈ ಬೊಂಬೆಗೆ ಜ್ವರ ಬಂದಿದೆ ಕಣ್ರೇ!"

"ಲೈಟಿನ ಶಾಖ ಅಜ್ಜಿ, ಲೈಟಿನದ್ದು!" ಅಕ್ಕ ಪೊರಕೆಯ ಸಮೇತ ಓಡಿಬಂದರು.

ಸಾಹೇಬರೂ ಹತ್ತಿರ ಬಂದರು. ನನ್ನ ಸುತ್ತ ಒಂದು ಸುತ್ತು ಹಾಕಿದರು. ಬೆವರಿನ ಹನಿಯೊಂದು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅವರು ತಮ್ಮ ಕನ್ನಡಕ ಏರಿಸಿಕೊಂಡು ನನ್ನ ಮುಖವನ್ನೇ ನೋಡಿ, ಸಾರ್ ಕಡೆ ತಿರುಗಿದರು.

"ಜನ ಚೆನ್ನಾಗಿ ಬರ್ತಿದ್ದಾರೆ. ಈ ಕೋಣೆ ಹೀಗೇ ಇರಲಿ. ಉಳಿದ ಬೊಂಬೆಗಳೂ ಪರವಾಗಿಲ್ಲ. ಇದೊಂದನ್ನ ಮಾತ್ರ ಬದಲಾಯಿಸಿ. ಅಗ್ಗದ ಮಾಲು ರೀ, ಒಂಚೂರೂ ಮನುಷ್ಯರ ಥರ ಕಾಣಲ್ಲ."

ಹುಟ್ಟಿದಾಗಿನಿಂದ ನನಗೆ ಬಾಯಿ ಬಿಟ್ಟು ಉತ್ತರ ಕೊಡಬೇಕು ಅನ್ನಿಸಿದ್ದು ಆವತ್ತೊಂದೇ ದಿನ. ಆವತ್ತೇ ಕೊಡುವ ಹಾಗಿರಲಿಲ್ಲ.